ಸ್ವಭಾವ, ಟೆನ್ಷನ್ ಮತ್ತು ತಲೆಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆ, ಇಂಟರ್‌ವ್ಯೂ, ಆಫೀಸಿನ ಡೆಡ್‌ಲೈನ್ ಎದುರಾದಾಗ ಒಬ್ಬರ ತಲೆ ಚುರುಕಾಗುತ್ತದೆ, ಇನ್ನೊಬ್ಬರಿಗೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಇದರಲ್ಲಿ ಸ್ವಭಾವದ ಪಾಲು ಎಷ್ಟು ಎಂದು ಮನಃಶಾಸ್ತ್ರದವರು ಬಹಳ ಕಾಲದಿಂದ ಹುಡುಕುತ್ತಿದ್ದಾರೆ. ವಿದ್ಯಾರ್ಥಿಗಳು, ಅಪ್ಪ-ಅಮ್ಮಂದಿರು, ಕೆಲಸಕ್ಕೆ ಹೋಗುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ನಾಲ್ಕು ಮಾತು ಸಾಕು.

ಸ್ವಭಾವ ಎಂದಾಗ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಈಗ ಹೆಚ್ಚಿನ ಸಂಶೋಧಕರು ಬಳಸುವುದು ‘ಬಿಗ್ ಫೈವ್’ ಎಂಬ ಐದು ಗುಣಗಳ ಪಟ್ಟಿ. ಹೊಸದರ ಬಗ್ಗೆ ಕುತೂಹಲ, ಅಚ್ಚುಕಟ್ಟುತನ, ಜನರ ಜೊತೆ ಬೆರೆಯುವ ಹುಮ್ಮಸ್ಸು, ಹೊಂದಿಕೊಂಡು ಹೋಗುವ ಗುಣ, ಬೇಗ ಗಾಬರಿ ಬೀಳುವ ಗುಣ. ಕೊನೆಯದನ್ನು ನ್ಯೂರೋಟಿಸಿಸಂ ಅನ್ನುತ್ತಾರೆ. ಹೆಸರು ಕೇಳಿದರೆ ಯಾವುದೋ ಕಾಯಿಲೆ ಅನ್ನಿಸುತ್ತದೆ, ಅಲ್ವಾ? ಕಾಯಿಲೆ ಅಲ್ಲ. ಚಿಂತೆ, ಬೇಸರ, ಸಿಟ್ಟು ಬೇಗ ಏರಿ ನಿಧಾನವಾಗಿ ಇಳಿಯುವ ಸ್ವಭಾವ, ಅಷ್ಟೆ.

ಅಮೆರಿಕದ ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್‌ಕ್ರೇ 1992ರಲ್ಲಿ ಹೊರತಂದ ಪ್ರಶ್ನಾವಳಿಯಲ್ಲಿ ಈ ಐದೂ ಗುಣಗಳನ್ನು ಅಳೆಯಲು ಒಟ್ಟು 240 ಹೇಳಿಕೆಗಳಿವೆ. ಮುಖ್ಯ ವಿಷಯ ಏನೆಂದರೆ, ಇವು ‘ಇದೆ’ ಅಥವಾ ‘ಇಲ್ಲ’ ಅನ್ನುವ ಗುಣಗಳಲ್ಲ. ಎತ್ತರದ ಹಾಗೆ ಎಲ್ಲರಲ್ಲೂ ಇರುತ್ತವೆ, ಒಬ್ಬರಲ್ಲಿ ಜಾಸ್ತಿ, ಒಬ್ಬರಲ್ಲಿ ಕಡಿಮೆ. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ.

ಒತ್ತಡದ ಮಾತು ಬಂದಾಗ ಐದೂ ಗುಣಗಳಿಗೆ ಸಮಾನ ಪಾಲಿಲ್ಲ. ಗಾಬರಿ ಗುಣದ್ದೇ ದೊಡ್ಡ ಪಾಲು. ಆಮೇಲೆ ಅಚ್ಚುಕಟ್ಟುತನ, ನಂತರ ಜನರ ಜೊತೆ ಬೆರೆಯುವ ಗುಣ, ಅಂದರೆ ಬಹಿರ್ಮುಖಿ-ಅಂತರ್ಮುಖಿ ವ್ಯತ್ಯಾಸ. ಉಳಿದೆರಡನ್ನು ಈ ಪುಟದಲ್ಲಿ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇನೆ.

ಟೆನ್ಷನ್ ಆಗುವುದು ಬೇರೆ, ಟೆನ್ಷನ್ ಸ್ವಭಾವ ಬೇರೆನಾ?

ಬೇರೆ. ಹಾಲ್ ಟಿಕೆಟ್ ಮನೆಯಲ್ಲೇ ಮರೆತು ಬಂದರೆ ಎಂಥ ಸಮಾಧಾನಿಗೂ ಎದೆ ಹೊಡೆದುಕೊಳ್ಳುತ್ತದೆ. ಅದು ಆ ಕ್ಷಣದ ಸ್ಥಿತಿ. ಎಲ್ಲ ಸರಿ ಇದ್ದಾಗಲೂ ‘ಏನೋ ಮರೆತಿದ್ದೀನಿ’ ಅಂತ ಬ್ಯಾಗನ್ನು ಮತ್ತೆ ಮತ್ತೆ ತಡಕುವುದು ಸ್ವಭಾವ. ಚಾರ್ಲ್ಸ್ ಸ್ಪೀಲ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞ 1970ರಲ್ಲಿ ಎರಡನ್ನೂ ಬೇರೆ ಬೇರೆ ಅಳೆಯುವ ಪ್ರಶ್ನಾವಳಿಯನ್ನು ಸಹೋದ್ಯೋಗಿಗಳ ಜೊತೆ ಸೇರಿ ತಂದರು. ಅದು ಇಂದಿಗೂ ಬಳಕೆಯಲ್ಲಿದೆ.

ಎರಡಕ್ಕೂ ಸಂಬಂಧ ಇದೆ. ನೈಲ್ ಬೋಲ್ಗರ್ ಮತ್ತು ಎಲಿಜಬೆತ್ ಶಿಲ್ಲಿಂಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 339 ಜನ ಆರು ವಾರ ದಿನವೂ ಡೈರಿ ಬರೆದರು. ಗಾಬರಿ ಗುಣ ಜಾಸ್ತಿ ಇದ್ದವರ ದಿನಗಳಲ್ಲಿ ಕಿರಿಕಿರಿಗಳೂ ಕೊಂಚ ಜಾಸ್ತಿ ಇದ್ದವು. ಆದರೆ ಹೆಚ್ಚಿನ ವ್ಯತ್ಯಾಸ ಬಂದದ್ದು ಅದರಿಂದಲ್ಲ. ಅದೇ ಜಗಳ, ಅದೇ ಕೆಲಸದ ಹೊರೆ ಅವರನ್ನು ಜಾಸ್ತಿ ಕಲಕುತ್ತಿತ್ತು.

ಲ್ಯಾಬಿನಲ್ಲಿ ಕೂತವರಿಗೆ ನಿಜವಾದ ಟೆನ್ಷನ್ ಬರುತ್ತದಾ? ಹೇಗೆ ಬರಿಸುತ್ತಾರೆ?

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಹೆಸರುವಾಸಿಯಾದ ವಿಧಾನ ಜರ್ಮನಿಯ ಟ್ರಿಯರ್ ಊರಿನ ವಿಶ್ವವಿದ್ಯಾಲಯದ್ದು. ಕ್ಲೆಮೆನ್ಸ್ ಕಿರ್ಷ್‌ಬಾಮ್ ಮತ್ತು ಜೊತೆಗಾರರು 1993ರಲ್ಲಿ ಇದನ್ನು ಪ್ರಕಟಿಸಿದರು.

ನಿಮ್ಮನ್ನು ಒಂದು ಕೋಣೆಗೆ ಕರೆದೊಯ್ಯುತ್ತಾರೆ. ಮೈಕ್ ಇದೆ, ಕ್ಯಾಮೆರಾ ಇದೆ, ಮೇಜಿನ ಆಚೆ ತೀರ್ಪುಗಾರರು ಕೂತಿದ್ದಾರೆ. ಕೆಲಸಕ್ಕೆ ನೀವೇ ಯಾಕೆ ತಕ್ಕವರು ಎಂದು 5 ನಿಮಿಷ ಮಾತಾಡಬೇಕು. ತಯಾರಿಗೆ ಸ್ವಲ್ಪವೇ ಹೊತ್ತು. ಬೇಗ ಮುಗಿಸಿದರೆ ‘ನಿಮಗೆ ಇನ್ನೂ ಸಮಯ ಇದೆ, ಮುಂದುವರಿಸಿ’ ಅನ್ನುತ್ತಾರೆ. ಯಾರೂ ತಲೆಯಾಡಿಸುವುದಿಲ್ಲ, ಯಾರೂ ನಗುವುದಿಲ್ಲ. ಅದು ಮುಗಿದ ಕೂಡಲೇ ಇನ್ನೊಂದು 5 ನಿಮಿಷ ಬಾಯಿಲೆಕ್ಕ: 1022ರಿಂದ 13 ಕಳೆಯುತ್ತಾ ಹೋಗಿ. 1009, 996, 983, 970... ಎಲ್ಲಾದರೂ ತಪ್ಪಿದರೆ ಮತ್ತೆ 1022ರಿಂದ ಶುರು. ಓದುತ್ತಿರುವ ನೀವೂ ಒಮ್ಮೆ ಜೋರಾಗಿ ಹೇಳಿ ನೋಡಿ. ಯಾರೂ ಎದುರಿಗೆ ಇಲ್ಲದಿದ್ದರೂ ಐದಾರು ಮೆಟ್ಟಿಲಾದ ಮೇಲೆ ನಾಲಿಗೆ ತಡವರಿಸುತ್ತದೆ.

ಮಧ್ಯೆ ಮಧ್ಯೆ ಎಂಜಲಿನ ಮಾದರಿ ತೆಗೆದು ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆಯುತ್ತಾರೆ. ಇದು ಕೂಡಲೇ ಏರುವುದಿಲ್ಲ. ಕೆಲಸ ಮುಗಿದು ಹತ್ತಿಪ್ಪತ್ತು ನಿಮಿಷವಾದ ಮೇಲೆ ತುದಿ ಮುಟ್ಟುತ್ತದೆ. ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದ ಮೇಲೆ ಕೈಕಾಲು ಸೋತಂತಾಗುವುದು ನೆನಪಿದೆಯಾ? ಮೈ ಲೆಕ್ಕ ಮುಗಿಸಲು ಇನ್ನೂ ಹೊತ್ತು ಬೇಕು.

ಒಂದು ವಿಚಿತ್ರ ಇದೆ. ‘ನನಗೆ ತುಂಬಾ ಟೆನ್ಷನ್ ಆಯಿತು’ ಎಂದವರಿಗೇ ಕಾರ್ಟಿಸಾಲ್ ಜಾಸ್ತಿ ಏರಿರಬೇಕು ಎಂದೇನಿಲ್ಲ. ಬಾಯಿ ಹೇಳುವುದಕ್ಕೂ ಎಂಜಲು ಹೇಳುವುದಕ್ಕೂ ಎಷ್ಟೋ ಅಧ್ಯಯನಗಳಲ್ಲಿ ತಾಳೆಯೇ ಆಗಿಲ್ಲ. ಹಾಗಾಗಿ ಒಂದೇ ಅಳತೆ ನೋಡಿ ‘ಇವರಿಗೆ ಒತ್ತಡ ತಡೆಯುವ ಶಕ್ತಿ ಇಲ್ಲ’ ಎಂದು ತೀರ್ಪು ಕೊಡುವವರನ್ನು ನಂಬಬೇಡಿ.

ಸ್ವಲ್ಪ ಟೆನ್ಷನ್ ಇದ್ದರೇ ಒಳ್ಳೆಯದು ಅಂತಾರಲ್ಲ?

ಆ ಮಾತಿನ ಹಿಂದೆ ಇಲಿಗಳಿವೆ. 1908ರಲ್ಲಿ ರಾಬರ್ಟ್ ಯರ್ಕಿಸ್ ಮತ್ತು ಜಾನ್ ಡಾಡ್ಸನ್ ಒಂದು ಜಾತಿಯ ಚಿಕ್ಕ ಇಲಿಗಳಿಗೆ ಬಿಳಿ ಗೂಡು ಯಾವುದು, ಕಪ್ಪು ಗೂಡು ಯಾವುದು ಎಂದು ಕಲಿಸುತ್ತಿದ್ದರು. ಕಪ್ಪಿಗೆ ಹೋದರೆ ಕರೆಂಟಿನ ಶಾಕ್. ಎರಡು ಗೂಡುಗಳ ವ್ಯತ್ಯಾಸ ಎದ್ದು ಕಂಡಾಗ ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಮಸುಕಾಗಿ ಕೆಲಸ ಕಷ್ಟವಾದಾಗ ಜೋರು ಶಾಕ್ ಕೆಲಸ ಕೆಡಿಸಿತು, ಮಧ್ಯಮ ಶಾಕ್ ಚೆನ್ನಾಗಿ ನಡೆಯಿತು.

ಗುಡ್ಡದ ಆಕಾರದ ಗೆರೆ ಎಳೆದು ‘ನಡುವೆ ಇರಬೇಕು’ ಅನ್ನುವ ಚಿತ್ರವನ್ನು ಟ್ರೇನಿಂಗುಗಳಲ್ಲಿ ಎಲ್ಲರೂ ತೋರಿಸುತ್ತಾರೆ. ಆದರೆ ಅಸಲು ವಿಷಯ ಅಲ್ಲಿ ಬಿಟ್ಟುಹೋಗುತ್ತದೆ. ಎಷ್ಟು ಒತ್ತಡ ಸರಿ ಅನ್ನುವುದು ಕೆಲಸ ಎಷ್ಟು ಕಷ್ಟ ಎಂಬುದರ ಮೇಲೆ ನಿಂತಿದೆ. ಸಾವಿರ ಸಲ ಮಾಡಿದ ಲೆಕ್ಕಕ್ಕೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿದ್ದರೆ ಒಳ್ಳೆಯದೇ. ಮೊದಲ ಸಲ ನೋಡುತ್ತಿರುವ ಲೆಕ್ಕಕ್ಕೆ ಅದೇ ಗಡಿಯಾರ ಶತ್ರು. ಇಲಿಗಳಿಗೆ ಕೊಟ್ಟ ಕರೆಂಟು ಮತ್ತು ಮನುಷ್ಯರ ಮಾನ-ಅವಮಾನದ ಭಯ ಎರಡೂ ಒಂದೇ ಅಲ್ಲ ಅನ್ನುವುದನ್ನೂ ಜೊತೆಗೆ ಇಟ್ಟುಕೊಳ್ಳಿ.

ಗಾಬರಿ ಸ್ವಭಾವದವರಿಗೆ ಬುದ್ಧಿ ಕಡಿಮೆನಾ?

ಇಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ತಲೆಯಲ್ಲಿ ಲೆಕ್ಕ ಮಾಡುವಾಗ, ಉದ್ದ ವಾಕ್ಯ ಓದುವಾಗ, ಎರಡು ಆಯ್ಕೆ ಹೋಲಿಸುವಾಗ ವಿಷಯವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಬೇಕು. ಹಿಡಿದಿಡುವ ಆ ಜಾಗವನ್ನು ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಅದು ಅಡುಗೆಮನೆಯ ಕಟ್ಟೆಯಂತೆ: ಇರುವುದೇ ಇಷ್ಟು, ಹೆಚ್ಚುವುದು, ಕಲಸುವುದು, ಬಡಿಸುವುದು ಎಲ್ಲ ಅದರ ಮೇಲೆಯೇ. ‘ಫೇಲ್ ಆದರೆ ಏನು ಗತಿ? ಪಕ್ಕದವನು ಆಗಲೇ ಎಕ್ಸ್‌ಟ್ರಾ ಶೀಟ್ ತೆಗೆದುಕೊಂಡ’ ಎಂಬ ಯೋಚನೆಗಳೂ ಅದೇ ಕಟ್ಟೆಯ ಮೇಲೆ ಬಂದು ಕೂರುತ್ತವೆ. ಲೆಕ್ಕಕ್ಕೆ ಉಳಿಯುವ ಜಾಗ ಅಷ್ಟು ಕಡಿಮೆ.

ಬುದ್ಧಿ ಇದೆ, ಜಾಗ ಇಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ರಾಬರ್ಟ್ ಲೀಬರ್ಟ್ ಮತ್ತು ಲ್ಯಾರಿ ಮಾರಿಸ್ 1967ರಲ್ಲೇ ಪರೀಕ್ಷೆಯ ಭಯವನ್ನು ಎರಡು ಭಾಗ ಮಾಡಿದರು. ಒಂದು ಮೈಗೆ ಸೇರಿದ್ದು: ಬೆವರು, ಹೊಟ್ಟೆ ಕಲಕುವುದು, ಎದೆಬಡಿತ. ಇನ್ನೊಂದು ತಲೆಗೆ ಸೇರಿದ್ದು: ಚಿಂತೆ, ಅಂದರೆ ಕೆಟ್ಟ ಫಲಿತಾಂಶವನ್ನು ಮತ್ತೆ ಮತ್ತೆ ಮೆಲುಕು ಹಾಕುವುದು. ಅಂಕಗಳಿಗೆ ಪೆಟ್ಟು ಕೊಡುವುದು ಹೆಚ್ಚಾಗಿ ಎರಡನೆಯದು ಎಂದು ಆಮೇಲಿನ ಅಧ್ಯಯನಗಳಲ್ಲೂ ಕಂಡಿತು. ಕೈ ನಡುಗಿದ ಮಾತ್ರಕ್ಕೆ ಪೇಪರ್ ಕೆಡುವುದಿಲ್ಲ. ‘ಅಯ್ಯೋ ಕೈ ನಡುಗುತ್ತಿದೆ, ಮುಗಿಯಿತು ಕಥೆ’ ಎಂದು ಯೋಚಿಸತೊಡಗಿದರೆ ಕೆಡುತ್ತದೆ.

ಆದರೆ ಗಾಬರಿ ಸ್ವಭಾವದ ಎಷ್ಟೋ ಮಕ್ಕಳು ರ‍್ಯಾಂಕ್ ತೆಗೆಯುತ್ತಾರಲ್ಲ?

ತೆಗೆಯುತ್ತಾರೆ. ಅದಕ್ಕೇ ಅವರ ಕಷ್ಟ ಯಾರಿಗೂ ಕಾಣುವುದಿಲ್ಲ.

ಬ್ರಿಟನ್ನಿನ ಮೈಕೆಲ್ ಐಸೆಂಕ್ ಮತ್ತು ಸ್ಪೇನಿನ ಮಾನುಯೆಲ್ ಕಾಲ್ವೋ 1992ರಲ್ಲಿ ಇದಕ್ಕೆ ಒಂದು ಸಿದ್ಧಾಂತ ಕೊಟ್ಟರು. ಕೆಲಸ ಎಷ್ಟು ಸರಿಯಾಗಿ ಆಯಿತು ಅನ್ನುವುದು ಒಂದು, ಅದಕ್ಕೆ ಎಷ್ಟು ಶ್ರಮ ಹೋಯಿತು ಅನ್ನುವುದು ಇನ್ನೊಂದು. ಚಿಂತೆ ಮೊದಲು ಹೊಡೆಯುವುದು ಎರಡನೆಯದಕ್ಕೆ. ಗಾಬರಿ ಸ್ವಭಾವದವರು ‘ಎಲ್ಲಿ ತಪ್ಪಾಗುತ್ತದೋ’ ಎಂದು ಇನ್ನಷ್ಟು ಶ್ರಮ ಹಾಕಿ, ಎರಡೆರಡು ಸಲ ಓದಿ, ಮೂರು ಸಲ ಚೆಕ್ ಮಾಡಿ ಕೊರತೆ ತುಂಬಿಕೊಳ್ಳುತ್ತಾರೆ. ಉತ್ತರ ಸರಿಯಾಗಿಯೇ ಇರುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಸುಸ್ತೂ ಜಾಸ್ತಿ.

2007ರಲ್ಲಿ ಐಸೆಂಕ್ ಇನ್ನೂ ಮೂವರ ಜೊತೆ ಇದನ್ನು ಮುಂದುವರಿಸಿದರು. ಚಿಂತೆ ಇದ್ದಾಗ ಗಮನ ನಾವು ಇಟ್ಟ ಕಡೆ ನಿಲ್ಲುವುದಿಲ್ಲ, ಸದ್ದು-ಬೆಳಕು ಕರೆದ ಕಡೆ ಓಡುತ್ತದೆ ಎಂದು ಹೇಳಿದರು. ಬೇಡದ್ದನ್ನು ತಡೆದು ನಿಲ್ಲಿಸುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವುದು, ಇವೆರಡೇ ಮೊದಲು ಸಡಿಲವಾಗುವುದು. ಹಾಗಾಗಿ ಹೊತ್ತು ಧಾರಾಳವಾಗಿ ಇರುವ ಪರೀಕ್ಷೆಯಲ್ಲಿ ಇವರು ಯಾರಿಗೂ ಕಡಿಮೆ ಇಲ್ಲ. ನಿಮಿಷಕ್ಕೊಂದು ಪ್ರಶ್ನೆ ಬಿಡಿಸಬೇಕಾದ ಕಡೆ, ಫೋನು ಬಡಿದುಕೊಳ್ಳುತ್ತಲೇ ಇರುವ ಆಫೀಸಿನಲ್ಲಿ, ಹೆಚ್ಚಿನ ಶ್ರಮಕ್ಕೆ ಜಾಗವೇ ಇರುವುದಿಲ್ಲ. ಅಲ್ಲಿ ವ್ಯತ್ಯಾಸ ಹೊರಗೆ ಬರುತ್ತದೆ.

ನನ್ನನ್ನು ಕೇಳಿದರೆ, ಮಾರ್ಕ್ಸ್ ಕಾರ್ಡ್ ಒಂದನ್ನೇ ನೋಡುವ ಶಾಲೆ, ರಿಸಲ್ಟ್ ಒಂದನ್ನೇ ನೋಡುವ ಮ್ಯಾನೇಜರು, ಇಬ್ಬರಿಗೂ ಇಂಥವರ ಬಗ್ಗೆ ಅರ್ಧ ಮಾತ್ರ ಗೊತ್ತು. 90 ಅಂಕ ಬಂದ ಇಬ್ಬರಲ್ಲಿ ಒಬ್ಬಳು ರಾತ್ರಿ ಹತ್ತಕ್ಕೆ ಮಲಗಿದವಳು, ಇನ್ನೊಬ್ಬಳು ಎರಡಕ್ಕೆ ಎದ್ದು ಮತ್ತೆ ನೋಟ್ಸ್ ತಿರುವಿದವಳು ಇರಬಹುದು. ಎರಡನೆಯವಳನ್ನು ‘ಚೆನ್ನಾಗಿಯೇ ಇದ್ದಾಳೆ’ ಎಂದು ಬಿಟ್ಟುಬಿಡುತ್ತೇವೆ.

ಕ್ಲಾಸಿಗೇ ಚುರುಕಾದ ಹುಡುಗ ಪರೀಕ್ಷೆಯ ದಿನ ಎಡವಿದ್ದು ಹೇಗೆ?

ಇದಕ್ಕೂ ಒಂದು ಪ್ರಯೋಗ ಇದೆ. ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2005ರಲ್ಲಿ ಪ್ರಕಟಿಸಿದ್ದು. ಜನರಿಗೆ ಬಾಯಿಲೆಕ್ಕದಂಥ ಹೊಸ ಬಗೆಯ ಲೆಕ್ಕ ಕೊಟ್ಟರು. ಆಮೇಲೆ ಒತ್ತಡ ಹೇರಿದರು: ನೀವು ಇನ್ನೂ ಚೆನ್ನಾಗಿ ಮಾಡಿದರೆ ದುಡ್ಡು, ನಿಮ್ಮ ಜೋಡಿ ಆಗಲೇ ಗುರಿ ಮುಟ್ಟಿದ್ದಾರೆ, ನೀವು ಮುಟ್ಟದಿದ್ದರೆ ಇಬ್ಬರಿಗೂ ಇಲ್ಲ, ಮೇಲಿಂದ ವೀಡಿಯೊ ಬೇರೆ. ಯಾರು ಬಿದ್ದರು ಗೊತ್ತಾ? ವರ್ಕಿಂಗ್ ಮೆಮೊರಿ ದೊಡ್ಡದಿದ್ದವರು! ಅದೂ ಕಷ್ಟದ ಲೆಕ್ಕಗಳಲ್ಲಿ. ಅದು ಚಿಕ್ಕದಿದ್ದವರಿಗೆ ಅಷ್ಟೇನೂ ವ್ಯತ್ಯಾಸ ಆಗಲಿಲ್ಲ.

ಕಾರಣ ಸರಳ. ಚುರುಕಾದವರು ಮಾಮೂಲಿ ದಿನದಲ್ಲಿ ಪೂರ್ತಿ ಲೆಕ್ಕ ತಲೆಯಲ್ಲೇ ಮಾಡುತ್ತಾರೆ. ಅದಕ್ಕೆ ಜಾಗ ಜಾಸ್ತಿ ಬೇಕು. ಒತ್ತಡ ಆ ಜಾಗ ಕಿತ್ತುಕೊಂಡಾಗ ಅವರ ವಿಧಾನವೇ ಕೈಕೊಡುತ್ತದೆ. ಉಳಿದವರು ಮೊದಲಿನಿಂದಲೂ ಅಂದಾಜು, ಒಳದಾರಿ ನೆಚ್ಚಿಕೊಂಡವರು. ಕಳೆದುಕೊಳ್ಳಲು ಅವರ ಬಳಿ ಅಷ್ಟಿರಲಿಲ್ಲ.

ಆಟದಲ್ಲಿ ಎಡವುವುದು ಬೇರೆ ಬಗೆ. ಅಲ್ಲಿ ಕೈಗೆ ರೂಢಿಯಾದ ಕೆಲಸದ ಮೇಲೆ ಅತಿ ಗಮನ ಇಟ್ಟು ಕೆಡಿಸಿಕೊಳ್ಳುತ್ತಾರೆ. ಇದೇ ಇಬ್ಬರು 2001ರಲ್ಲಿ ಗಾಲ್ಫ್ ಆಟದಲ್ಲಿ ಅದನ್ನು ತೋರಿಸಿದ್ದರು.

ಅಂತರ್ಮುಖಿಗಳಿಗೆ ಒತ್ತಡ ತಡೆಯುವ ಶಕ್ತಿ ಕಡಿಮೆ ಅನ್ನುವುದು ನಿಜವಾ? ಹಾಡು ಹಾಕಿಕೊಂಡು ಓದಬಹುದಾ?

ಮೈಕೆಲ್ ಐಸೆಂಕರ ತಂದೆ ಹ್ಯಾನ್ಸ್ ಐಸೆಂಕ್ 1967ರಲ್ಲಿ ವಿವರವಾಗಿ ಮಂಡಿಸಿದ ವಾದ ಹೀಗಿದೆ: ಅಂತರ್ಮುಖಿಗಳ ಮೆದುಳು ಸುಮ್ನೆ ಕೂತಾಗಲೇ ಸ್ವಲ್ಪ ಜಾಸ್ತಿ ಎಚ್ಚರದಲ್ಲಿರುತ್ತದೆ. ಬಹಿರ್ಮುಖಿಗಳದ್ದು ಕಡಿಮೆ, ಅದಕ್ಕೇ ಅವರು ಗದ್ದಲ, ಜನ, ಹೊಸತನ ಹುಡುಕುತ್ತಾರೆ. ಇದಕ್ಕೆ ಅವರ ಕಾಲದ ಮಜವಾದ ಪರೀಕ್ಷೆ ನಿಂಬೆರಸದ್ದು. ನಾಲಿಗೆಗೆ ಕೆಲವು ಹನಿ ಹಾಕಿದರೆ ಅಂತರ್ಮುಖಿಗಳ ಬಾಯಲ್ಲಿ ನೀರು ಜಾಸ್ತಿ ಬರುತ್ತಿತ್ತು. ಆ ಸಿದ್ಧಾಂತ ಪೂರ್ತಿಯಾಗಿ ನಿಂತಿಲ್ಲ. ಆದರೂ ಹೊರಗಿನ ಗದ್ದಲ ಎಲ್ಲರಿಗೂ ಒಂದೇ ಥರ ತಟ್ಟುವುದಿಲ್ಲ ಎಂಬ ಭಾಗ ಉಪಯೋಗದ್ದು.

ಹಾಡಿನ ವಿಷಯ. ಏಡ್ರಿಯನ್ ಫರ್ನಮ್ ಮತ್ತು ಆ್ಯನಾ ಬ್ರಾಡ್ಲಿ 1997ರಲ್ಲಿ ಪಾಪ್ ಸಂಗೀತ ಹಾಕಿ ನೋಡಿದರು. ನೋಡಿದ್ದನ್ನು ಕೂಡಲೇ ನೆನಪಿಸಿಕೊಳ್ಳುವುದರಲ್ಲಿ ಎರಡೂ ಗುಂಪಿಗೆ ತೊಂದರೆ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ, ಮತ್ತು ಓದಿ ಅರ್ಥಮಾಡಿಕೊಳ್ಳುವ ಕೆಲಸದಲ್ಲಿ, ಅಂತರ್ಮುಖಿಗಳಿಗೆ ಜಾಸ್ತಿ ಪೆಟ್ಟು ಬಿತ್ತು. ಇಪ್ಪತ್ತೇ ಜನರ ಚಿಕ್ಕ ಅಧ್ಯಯನ ಅದು, ಹಾಗಾಗಿ ಅದನ್ನೇ ಹಿಡಿದು ಮಗನ ಇಯರ್‌ಫೋನ್ ಕಿತ್ತುಕೊಳ್ಳಬೇಡಿ. ಆದರೆ ಮಾತಿರುವ ಹಾಡು ಹಾಕಿಕೊಂಡು ಗಟ್ಟಿಮಾಡುವುದು ಯಾವ ಸ್ವಭಾವದವರಿಗೂ ಒಳ್ಳೆಯ ಐಡಿಯಾ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಲೆಕ್ಕದ ಪುಟ ಕಾಪಿ ಮಾಡುವಾಗ ಏನು ಬೇಕಾದರೂ ಕೇಳಲಿ.

ಪರೀಕ್ಷೆಯ ಬೆಳಗ್ಗೆ ಕಾಫಿ ಕುಡಿದರೆ ತಲೆ ಓಡುತ್ತದಾ?

ಎರಡು ಲೋಟ ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗದ ನಮ್ಮ ಕಡೆಯವರಿಗೆ ಇದು ಬಿಸಿ ವಿಷಯ. ವಿಲಿಯಂ ರೆವೆಲ್ ಮತ್ತು ಜೊತೆಗಾರರು 1976ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಭಾಷೆಯ ಪ್ರಶ್ನೆಗಳನ್ನು ಕೊಟ್ಟರು. ಒಮ್ಮೆ ಆರಾಮವಾಗಿ, ಒಮ್ಮೆ ಗಡಿಯಾರ ಹಿಡಿದು, ಇನ್ನೊಮ್ಮೆ ಗಡಿಯಾರದ ಜೊತೆ ಕೆಫೀನ್ ಕೂಡ ಕೊಟ್ಟು. ಒತ್ತಡ ಏರಿದಂತೆ ಅಂತರ್ಮುಖಿಗಳ ಅಂಕ ಇಳಿಯಿತು, ಬಹಿರ್ಮುಖಿಗಳದ್ದು ಏರಿತು.

ಎಲ್ಲ ಚೆನ್ನಾಗಿ ಕೂತಿತು ಅಂದುಕೊಳ್ಳುವಾಗಲೇ 1980ರಲ್ಲಿ ಅದೇ ರೆವೆಲ್ ತಂಡದವರು ಇನ್ನೊಂದು ಕಂತು ಪ್ರಕಟಿಸಿದರು. ಬೆಳಗ್ಗೆ ಕಂಡದ್ದು ಸಂಜೆ ತಿರುವುಮುರುವಾಯಿತು! ಯೋಚಿಸಿ ನಿಧಾನಕ್ಕೆ ಹೆಜ್ಜೆ ಇಡುವವರಿಗೆ ಬೆಳಗಿನ ಕೆಫೀನ್ ತೊಂದರೆ ಕೊಟ್ಟರೆ ಸಂಜೆಯದು ನೆರವಾಯಿತು. ದಿಢೀರ್ ಎಂದು ಮುನ್ನುಗ್ಗುವವರಿಗೆ ಬೆಳಗಿನದು ನೆರವಾಯಿತು, ಸಂಜೆಯದು ಕೆಡಿಸಿತು. ಬಹಿರ್ಮುಖಿ-ಅಂತರ್ಮುಖಿ ಅನ್ನುವುದಕ್ಕಿಂತ ಅದರೊಳಗಿನ ದುಡುಕು ಗುಣವೇ ಇಲ್ಲಿ ಮುಖ್ಯ ಎಂದು ಅವರು ತೀರ್ಮಾನಿಸಿದರು.

ಪರೀಕ್ಷೆಯ ದಿನಕ್ಕೆ ಇದರಿಂದ ಸಿಗುವ ಸಲಹೆ ಚಿಕ್ಕದು: ದಿನಾ ಎಷ್ಟು ಕುಡಿಯುತ್ತೀರೋ ಅಷ್ಟೇ ಕುಡಿಯಿರಿ. ಜಾಸ್ತಿ ಬೇಡ, ರೂಢಿ ಇದ್ದವರು ಬಿಡುವುದೂ ಬೇಡ.

ಅಚ್ಚುಕಟ್ಟಾದವರಿಗೆ ಟೆನ್ಷನ್ ಕಡಿಮೆಯಂತೆ?

ಸಾಮಾನ್ಯವಾಗಿ ಹೌದು, ಅದೂ ಮುಂಚಿತವಾಗಿ. ಅವರು ಅರ್ಜಿಯನ್ನು ಕೊನೆಯ ದಿನಕ್ಕೆ ಬಿಡುವುದಿಲ್ಲ, ಹಾಗಾಗಿ ಎಷ್ಟೋ ಒತ್ತಡ ಹುಟ್ಟುವುದೇ ಇಲ್ಲ. ಮರ‍್ರೆ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ 1991ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಲ್ಲ ಬಗೆಯ ಉದ್ಯೋಗದಲ್ಲೂ ಕೆಲಸದ ಗುಣಮಟ್ಟದ ಜೊತೆ ನಂಟು ಇದ್ದದ್ದು ಈ ಒಂದು ಗುಣಕ್ಕೆ. ಓದಿನಲ್ಲೂ ಹಾಗೆಯೇ ಎಂದು ಆರ್ಥರ್ ಪೊರೊಪಾಟ್ 2009ರಲ್ಲಿ ತೋರಿಸಿದರು.

ಇದಕ್ಕೂ ಇನ್ನೊಂದು ಮುಖ ಇದೆ. ಜರ್ಮನಿಯ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯೊಂದರ ಮಾಹಿತಿ ಇಟ್ಟುಕೊಂಡು 2010ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಕೆಲಸ ಕಳೆದುಕೊಂಡಾಗ ಜಾಸ್ತಿ ಕುಸಿದವರು ಅಚ್ಚುಕಟ್ಟಿನವರೇ. ಎಲ್ಲ ಸರಿಯಾಗಿ ಮಾಡಿಯೂ ಸೋತವರಿಗೆ ನೆಪ ಹೇಳಲು ಏನೂ ಉಳಿದಿರುವುದಿಲ್ಲ. ‘ಅವಳು ಜಾಣೆ, ನಿಭಾಯಿಸ್ತಾಳೆ ಬಿಡಿ’ ಅನ್ನುವ ಮುಂಚೆ ಇದನ್ನು ಯೋಚಿಸಿ.

ನಾನು ‘ಟೈಪ್ ಎ’. ಹಾರ್ಟ್‌ಗೆ ತೊಂದರೆನಾ?

ಸದಾ ಅವಸರ, ಪೈಪೋಟಿ, ಬೇಗ ಸಿಟ್ಟು ಇರುವವರನ್ನು ‘ಟೈಪ್ ಎ’ ಅನ್ನುತ್ತಾರೆ. ಈ ವಿಂಗಡಣೆ 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಬ್ಬರು ಹೃದಯ ವೈದ್ಯರು ಮಾಡಿದ್ದು. ಮುಂದೆ ತಂಬಾಕು ಕಂಪನಿಗಳು ಇಂಥ ಸಂಶೋಧನೆಗೆ ದುಡ್ಡು ಸುರಿದವು. ಕಾಯಿಲೆಗೆ ಸಿಗರೇಟಲ್ಲ, ಸ್ವಭಾವ ಕಾರಣ ಎಂದಾದರೆ ಅವರಿಗೆ ಒಳ್ಳೆಯದಲ್ವಾ? ಅವಸರದ ಗುಣಕ್ಕೂ ಹೃದಯಕ್ಕೂ ಇರುವ ನಂಟು ಆಮೇಲೆ ಸೊರಗಿತು. ಸದಾ ಸಿಟ್ಟು, ದ್ವೇಷ ಇಟ್ಟುಕೊಳ್ಳುವ ಗುಣಕ್ಕೆ ಮಾತ್ರ ಸ್ವಲ್ಪ ಆಧಾರ ಉಳಿದಿದೆ.

ಆಫೀಸಿನಲ್ಲಿ ನಾಲ್ಕು ಅಕ್ಷರದ ಟೆಸ್ಟ್ ಮಾಡಿಸಿದರು. ಅದರಿಂದ ಗೊತ್ತಾಗುತ್ತದಾ?

ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ರೂಪಿಸಿದ, ಜನರನ್ನು ಹದಿನಾರು ಬಗೆಗೆ ಹಂಚಿ ಒಂದೊಂದಕ್ಕೂ ನಾಲ್ಕು ಅಕ್ಷರದ ಹೆಸರಿಡುವ ಟೆಸ್ಟ್ (ಎಂಬಿಟಿಐ) ತಾನೆ? ಒತ್ತಡದ ವಿಷಯದಲ್ಲಿ ಮುಖ್ಯವಾದ ಗಾಬರಿ ಗುಣವನ್ನು ಆ ನಾಲ್ಕು ಅಕ್ಷರಗಳು ಅಳೆಯುವುದೇ ಇಲ್ಲ. ಟೀಮ್ ಔಟಿಂಗಿನಲ್ಲಿ ಹರಟೆಗೆ ಚೆನ್ನಾಗಿದೆ. ಯಾರಿಗೆ ಯಾವ ಕೆಲಸ ಕೊಡಬೇಕು ಎಂದು ಅದರಿಂದ ನಿರ್ಧರಿಸಬಾರದು.

ಇದೆಲ್ಲ ಹೊರದೇಶದವರ ಮೇಲೆ ಮಾಡಿದ್ದು. ನಮಗೆ ಅನ್ವಯಿಸುತ್ತದಾ?

ಕೇಳಲೇಬೇಕಾದ ಪ್ರಶ್ನೆ. ಮನಃಶಾಸ್ತ್ರದ ಬಹುಪಾಲು ಪ್ರಯೋಗಗಳು ಶ್ರೀಮಂತ ಪಾಶ್ಚಾತ್ಯ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದವು, ಅವರು ಜಗತ್ತಿಗೆ ಮಾದರಿ ಅಲ್ಲ ಎಂದು ಜೋಸೆಫ್ ಹೆನ್ರಿಕ್ ಮತ್ತು ಇನ್ನಿಬ್ಬರು 2010ರಲ್ಲಿ ಗಟ್ಟಿಯಾಗಿ ಹೇಳಿದರು. ಬೊಲಿವಿಯಾದ ಕಾಡಿನಂಚಿನಲ್ಲಿ ಬೇಟೆ-ಬೇಸಾಯ ಮಾಡಿಕೊಂಡಿರುವ ಚಿಮಾನೆ ಜನರಲ್ಲಿ ‘ಬಿಗ್ ಫೈವ್’ ಎಂಬ ಐದು ಕಟ್ಟು ಸರಿಯಾಗಿ ಸಿಗಲೇ ಇಲ್ಲ ಎಂದು 2013ರಲ್ಲಿ ವರದಿಯಾಯಿತು.

ನಮ್ಮಲ್ಲೂ ಈ ವಿದ್ಯೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತವರು. 1935ರಲ್ಲಿ ಮೈಸೂರಿನ ಆಕಾಶವಾಣಿ ಶುರುಮಾಡಿದವರೂ ಇವರೇ.

ನನ್ನ ಅಂದಾಜು ಹೀಗಿದೆ: ವರ್ಕಿಂಗ್ ಮೆಮೊರಿ, ಕಾರ್ಟಿಸಾಲ್ ಎಲ್ಲ ಊರಲ್ಲೂ ಒಂದೇ ಥರ ಕೆಲಸ ಮಾಡುತ್ತವೆ. ಆದರೆ ಯಾವುದಕ್ಕೆ ಹೆದರುತ್ತೇವೆ ಅನ್ನುವುದು ಊರಿನಿಂದ ಊರಿಗೆ ಬದಲಾಗುತ್ತದೆ. ಇಲ್ಲಿ ಮಗುವಿನ ಪಿಯುಸಿ ಅಂಕ ಮಗುವಿನದಷ್ಟೇ ಆಗಿರುವುದಿಲ್ಲ, ಮನೆಯವರೆಲ್ಲರದ್ದೂ ಆಗಿರುತ್ತದೆ.

ಅಪ್ಪ-ಅಮ್ಮ ಏನು ಮಾಡಬಹುದು?

ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ 2004ರಲ್ಲಿ 208 ಲ್ಯಾಬ್ ಅಧ್ಯಯನಗಳನ್ನು ಜೋಡಿಸಿ, ಎಂಥ ಒತ್ತಡ ಕಾರ್ಟಿಸಾಲನ್ನು ಜಾಸ್ತಿ ಏರಿಸುತ್ತದೆ ಎಂದು ನೋಡಿದರು. ಎರಡು ಸೇರಿದಾಗ ಏರಿಕೆ ಜೋರಾಗಿತ್ತು: ನಾಲ್ಕು ಜನ ನನ್ನನ್ನು ಅಳೆಯುತ್ತಿದ್ದಾರೆ ಎಂಬ ಭಾವ, ಮತ್ತು ನಾನು ಏನು ಮಾಡಿದರೂ ಫಲಿತಾಂಶ ನನ್ನ ಕೈಯಲ್ಲಿಲ್ಲ ಎಂಬ ಭಾವ.

ಮನೆಯಲ್ಲಿ ಇವೆರಡನ್ನೂ ಇಳಿಸಲು ಆಗುತ್ತದೆ. ‘ಸೋದರತ್ತೆ ಮಗನಿಗೆ 96 ಬಂತಂತೆ’ ಎಂಬ ಮಾತು ನಿಲ್ಲಲಿ. ರಿಸಲ್ಟ್ ದಿನ ಫೋನ್ ಮಾಡುವ ನೆಂಟರಿಗೆ ಉತ್ತರ ನೀವೇ ಕೊಡಿ, ಮಗುವಿನ ಕೈಗೆ ಫೋನ್ ಕೊಡಬೇಡಿ. ಸಂಜೆ ಎಷ್ಟು ಹೊತ್ತಿಗೆ ಓದಬೇಕು, ಯಾವ ವಿಷಯ ಮೊದಲು ಎಂಬುದನ್ನು ಮಗುವೇ ನಿರ್ಧರಿಸಲಿ. ‘ಟೆನ್ಷನ್ ಮಾಡ್ಕೋಬೇಡ’ ಎಂದು ಗಂಟೆಗೊಮ್ಮೆ ಹೇಳುವುದರಿಂದ ಏನೂ ಆಗುವುದಿಲ್ಲ. ಟೆನ್ಷನ್ ಇದೆ ಎಂದು ಅವರಿಗೆ ನೆನಪಾಗುತ್ತದೆ, ಅಷ್ಟೆ.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಸ್ವಭಾವ ಬದಲಾಗುತ್ತದಾ?

ಗಾದೆ ಅರ್ಧ ಸರಿ. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಶೇ. 40ರಿಂದ 50 ವಂಶದಿಂದ ಬಂದದ್ದು. ಉಳಿದದ್ದು ಬದುಕಿನಿಂದ. ವಯಸ್ಸಾದಂತೆ ಹೆಚ್ಚಿನವರಲ್ಲಿ ಗಾಬರಿ ತಾನಾಗಿಯೇ ಕೊಂಚ ತಗ್ಗುತ್ತದೆ. ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2017ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಸರಾಸರಿ 24 ವಾರಗಳ ಚಿಕಿತ್ಸೆ ಅಥವಾ ಆಪ್ತಸಲಹೆಯಿಂದಲೂ ಸ್ವಭಾವ ಅಳೆಯುವಷ್ಟು ಬದಲಾಗಿತ್ತು. ಜಾಸ್ತಿ ಬದಲಾದದ್ದು ಗಾಬರಿ ಗುಣವೇ. ಪೂರ್ತಿ ಬೇರೆ ಮನುಷ್ಯರಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ.

ಪರೀಕ್ಷೆಗೆ ಮುಂಚೆ ನಿಜವಾಗಿ ಉಪಯೋಗಕ್ಕೆ ಬರುವುದು ಏನು?

ಮೊದಲು, ಎಲ್ಲರೂ ಹೇಳುವ ಒಂದು ಉಪಾಯದ ಬಗ್ಗೆ ಎಚ್ಚರ. ಪರೀಕ್ಷೆಗೆ ಮುಂಚೆ 10 ನಿಮಿಷ ನಿಮ್ಮ ಭಯಗಳನ್ನು ಬರೆದುಬಿಡಿ, ಅಂಕ ಏರುತ್ತದೆ ಎಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. 2018ರಲ್ಲಿ ಸಂಶೋಧಕರ ಗುಂಪೊಂದು ದೊಡ್ಡ ಪತ್ರಿಕೆಗಳ 21 ಪ್ರಯೋಗಗಳನ್ನು ಹೊಸದಾಗಿ ಮಾಡಿ ನೋಡಿತು. 13ರಲ್ಲಿ ಹಿಂದಿನ ಫಲಿತಾಂಶವೇ ಮತ್ತೆ ಬಂತು. ಭಯ ಬರೆಯುವ ಪ್ರಯೋಗದಲ್ಲಿ ಬರಲಿಲ್ಲ. ಬರೆದರೆ ಹಾನಿ ಇಲ್ಲ, ಆದರೆ ಪವಾಡ ನಿರೀಕ್ಷಿಸಬೇಡಿ.

ನನಗೆ ಹೆಚ್ಚು ಭರವಸೆ ಇರುವುದು ಓದುವ ವಿಧಾನದ ಮೇಲೆ. ಏಮಿ ಸ್ಮಿತ್ ಮತ್ತು ಜೊತೆಗಾರರು 2016ರಲ್ಲಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಪಟ್ಟಿಯನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಪಟ್ಟಿ ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಮರುದಿನ ಟ್ರಿಯರ್ ಮಾದರಿಯ ಒತ್ತಡ ಕೊಟ್ಟಾಗ ಬರೀ ಓದಿದವರ ನೆನಪು ಕೈಕೊಟ್ಟಿತು. ನೆನಪಿನಿಂದ ಬರೆದವರಿಗೆ ಒತ್ತಡದಿಂದ ವ್ಯತ್ಯಾಸವೇ ಆಗಲಿಲ್ಲ. ಅಂದರೆ ಗಾಬರಿ ಸ್ವಭಾವದವರು ಹೈಲೈಟರ್ ಕೆಳಗಿಟ್ಟು, ಪುಸ್ತಕ ಮುಚ್ಚಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಬೇಕು. ಇದು ಸುಖದ ಕೆಲಸ ಅಲ್ಲ, ತಪ್ಪುಗಳು ಕಣ್ಣಿಗೆ ಹೊಡೆಯುತ್ತವೆ. ಅದಕ್ಕೇ ಎಲ್ಲರೂ ಮತ್ತೆ ಓದುವುದಕ್ಕೆ ಜಾರುತ್ತಾರೆ.

ಇನ್ನೊಂದು, ಎದೆಬಡಿತದ ಜೊತೆ ಜಗಳ ಬೇಡ. ಆ್ಯಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಹಾಡು, ಭಾಷಣ, ಲೆಕ್ಕ ಮೂರರಲ್ಲೂ ನೋಡಿದ ಪ್ರಕಾರ ‘ನಾನು ಶಾಂತವಾಗಿದ್ದೀನಿ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಚೆನ್ನಾಗಿ ಮಾಡಿದರು. ಓಡುತ್ತಿರುವ ಎದೆಯನ್ನು ಶಾಂತ ಎಂದು ಒಪ್ಪಿಸುವುದು ಕಷ್ಟ. ಹುರುಪು ಎಂದರೆ ಒಪ್ಪಿಕೊಂಡೀತು.

ಡಾಕ್ಟರ ಬಳಿ ಯಾವಾಗ ಹೋಗಬೇಕು?

ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ, ಪರೀಕ್ಷೆ ಮುಗಿದರೂ ಗಾಬರಿ ಇಳಿಯದಿದ್ದರೆ, ಶಾಲೆ ಅಥವಾ ಕೆಲಸಕ್ಕೆ ಹೋಗಲಿಕ್ಕೇ ಆಗದಿದ್ದರೆ ಅದನ್ನು ಸ್ವಭಾವ ಎಂದು ಸುಮ್ಮನಾಗಬೇಡಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ತಲೆ ಖಾಲಿ ಆದರೆ?

ಓದಿದ್ದು ಅಳಿಸಿಹೋಗಿಲ್ಲ. ಡೊಮಿನಿಕ್ ಡಿ ಕ್ವೆರ್ವಾನ್ ತಂಡ 2000ದಲ್ಲಿ ಜನರಿಗೆ ಕಾರ್ಟಿಸೋನ್ ಮಾತ್ರೆ (ಮೈಯೊಳಗೆ ಇದು ಕಾರ್ಟಿಸಾಲ್ ಆಗುತ್ತದೆ) ಕೊಟ್ಟು, ಹಿಂದಿನ ದಿನ ಕಲಿತ ಪದಗಳನ್ನು ಕೇಳಿದಾಗ ನೆನಪು ಕಡಿಮೆಯಾಗಿತ್ತು. ಕಲಿಯುವ ಹೊತ್ತಿಗೆ ಅದೇ ಮಾತ್ರೆ ಕೊಟ್ಟಾಗ ಅಂಥ ತೊಂದರೆ ಕಾಣಲಿಲ್ಲ. ಕೆಡುವುದು ಹೊರತೆಗೆಯುವ ಕೆಲಸ ಮಾತ್ರ. ಪರೀಕ್ಷೆ ಮುಗಿಸಿ ಬಸ್ ಸ್ಟಾಪಿಗೆ ಬರುವಾಗ ಉತ್ತರ ತಾನಾಗಿ ನೆನಪಾಗುವುದು ಇದಕ್ಕೇ.

ಹಾಗಾಗಿ ಬಾರದ ಪ್ರಶ್ನೆಯನ್ನು ದುರುಗುಟ್ಟಿ ನೋಡುತ್ತಾ ಕೂರಬೇಡಿ. ಪೆನ್ನು ಕೆಳಗಿಟ್ಟು ನಾಲ್ಕೈದು ಸಲ ನಿಧಾನವಾಗಿ ಉಸಿರು ಬಿಡಿ. ಪತ್ರಿಕೆ ಪೂರ್ತಿ ತಿರುವಿ, ಖಂಡಿತ ಗೊತ್ತಿರುವ ಒಂದು ಪ್ರಶ್ನೆ ಹುಡುಕಿ ಅದನ್ನೇ ಮೊದಲು ಬರೆಯಿರಿ. ಸಣ್ಣದಾದರೂ ಪರವಾಗಿಲ್ಲ. ಬಿಟ್ಟ ಪ್ರಶ್ನೆಗಳಿಗೆ ಪ್ರಶ್ನೆಪತ್ರಿಕೆಯಲ್ಲೇ ಪೆನ್ಸಿಲ್ ಗುರುತು ಹಾಕಿ, ಅರ್ಧ ಗಂಟೆ ಬಿಟ್ಟು ವಾಪಸ್ ಬನ್ನಿ. ಹೀಗೆ ಹಿಂದೆಮುಂದೆ ಬರೆಯುವಾಗ ಮಾರ್ಜಿನ್ನಿನಲ್ಲಿ ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿ. ಓಎಂಆರ್ ಶೀಟ್ ಆದರೆ, ಬಿಟ್ಟ ಪ್ರಶ್ನೆಯ ಸಾಲನ್ನೂ ಖಾಲಿ ಬಿಟ್ಟಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ.